ಹಳೆಯ ಮೋಟಾರಿನ ಥ್ರಾಟಲ್ ಕೀಲುಗಳು

ಮೋಟಾರು ಕಾರಿನ ಮಾತು ಬಂದಾಗ ಜನರು ವಿಚಾರಿಸುವುದು ಎಂಜಿನನ್ನು, ಬ್ರೇಕನ್ನು, ಹೆಚ್ಚೆಂದರೆ ಟೈರನ್ನು. ಕಾಲು ಮಾಡಿದ ಅಪ್ಪಣೆಯನ್ನು ಎಂಜಿನಿಗೆ ಕೊಂಡೊಯ್ಯುವ ನಾಲ್ಕಾರು ಸರಳುಗಳಿವೆ, ಆ ಸರಳುಗಳನ್ನು ಕೂಡಿಸುವ ಕೀಲುಗಳಿವೆ ಎಂಬುದು ಬಹುಮಂದಿ ಯಜಮಾನರಿಗೆ ತಿಳಿಯುವುದು ಅವು ಕೆಟ್ಟಮೇಲೆಯೇ. ಕೆಟ್ಟಮೇಲೂ ಅಪವಾದವನ್ನು ಹೊರುವುದು ಪಾಪ, ಕಾರ್ಬೊರೇಟರು. ಅದನ್ನು ಬಿಚ್ಚುತ್ತಾರೆ, ತೊಳೆಯುತ್ತಾರೆ, ಅದರ ತಿರುಪುಗಳನ್ನು ಅತ್ತಿತ್ತ ತಿರುಗಿಸುತ್ತಾರೆ. ಗಾಡಿ ಮಾತ್ರ ಮೊದಲಿನಂತೆಯೇ ಜಗ್ಗುತ್ತದೆ. ಈ ಸಣ್ಣ ಕೀಲುಗಳು ಸವೆದು ಸಡಿಲವಾದಾಗ ಆಗುವುದೇನು, ಅದನ್ನು ಸರಿಪಡಿಸುವುದು ಹೇಗೆ, ಸರಿಪಡಿಸುವ ಹೆಸರಿನಲ್ಲಿ ಮಾಡಕೂಡದ ಕೆಲಸ ಯಾವುದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ನಿದರ್ಶನಕ್ಕಾಗಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಒಂದು ಜಿಲ್ಲೆಯಾದ ಈ ನಾಲ್ಕು ತಾಲ್ಲೂಕುಗಳು ಬೆಂಗಳೂರಿನ ಹಳೆಯ ಕಾರುಗಳಿಗೆ ಭಾನುವಾರದ ವಿಹಾರಭೂಮಿ. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾದಮೇಲೆ ಅವಸರದ ವಾಹನಗಳೆಲ್ಲ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ದಾಟಿಹೋಗುತ್ತವೆ. ಗಂಟೆಗೆ 50–60 ಕಿಲೋಮೀಟರು ವೇಗದಲ್ಲಿ ಸುಖವಾಗಿರುವ ಅಂಬಾಸಿಡರು, ಪದ್ಮಿನಿ, ಮಾರಿಸ್ ಮೈನರುಗಳಿಗೆ ಊರೊಳಗಿನ ಹಳೆಯ ರಸ್ತೆಯೇ ಹಿತ. ಆದರೆ ಊರೊಳಗಿನ ರಸ್ತೆಯೆಂದರೆ ನಿಲ್ಲುವುದು, ಹೊರಡುವುದು, ರೇಷ್ಮೆಗೂಡಿನ ಮೂಟೆಗಳನ್ನು ಹೊತ್ತ ಗಾಡಿಯ ಹಿಂದೆ ಮೆಲ್ಲಮೆಲ್ಲನೆ ಸಾಗುವುದು. ಥ್ರಾಟಲಿನ ನಿಜವಾದ ಪರೀಕ್ಷೆ ನಡೆಯುವುದು ವೇಗದಲ್ಲಲ್ಲ, ಇಂತಹ ನಿಧಾನದಲ್ಲಿ.

ಎಂಜಿನಿನೊಳಕ್ಕೆ ಹೋಗುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಕಾರ್ಬೊರೇಟರಿನ ಕೊಳವೆಯನ್ನು ಹಾಯ್ದು ಹೋಗಬೇಕಷ್ಟೆ. ಆ ಕೊಳವೆಯಲ್ಲಿ ದುಂಡಾದ ಲೋಹದ ಬಿಲ್ಲೆಯೊಂದಿದೆ. ಅದನ್ನು ಒಂದು ಅಡ್ಡದಂಡಕ್ಕೆ ತಿರುಪಿನಿಂದ ಬಿಗಿದಿರುತ್ತಾರೆ. ದಂಡ ತಿರುಗಿದರೆ ಬಿಲ್ಲೆ ಓರೆಯಾಗಿ ದಾರಿ ತೆರೆಯುತ್ತದೆ. ದಂಡದ ಹೊರತುದಿಯಲ್ಲಿ ಚಿಕ್ಕದೊಂದು ಸನ್ನೆಯುಂಟು. ಆ ಸನ್ನೆಯಿಂದ ಒಂದು ಸರಳು, ಸರಳಿನಿಂದ ಇನ್ನೊಂದು ಸನ್ನೆ, ಅಲ್ಲಿಂದ ಮತ್ತೊಂದು ಸರಳು, ಹೀಗೆ ಸಾಲಾಗಿ ಬಂದು ಕೊನೆಗೆ ಕಾಲಿನ ಕೆಳಗಿನ ಪೆಡಲನ್ನು ಸೇರುತ್ತದೆ. 1927ರಿಂದ 1931ರವರೆಗೆ ತಯಾರಾದ ಫೋರ್ಡ್ ‘ಎ’ ಮಾದರಿಯಲ್ಲಿ ಈ ಸರಳುಗಳ ತುದಿಗೆ ಗುಂಡುಕೀಲುಗಳಿದ್ದುವು. ಸ್ಟಿಯರಿಂಗ್ ಚಕ್ರದ ಕೆಳಗೆ ಬಲಗಡೆ ಕೈಯಿಂದ ನಡೆಸುವ ಥ್ರಾಟಲ್ ಸನ್ನೆಯೂ ಇತ್ತು. ಅನಂತರದ ಕಾರುಗಳಲ್ಲಿ ಕೆಲವು ಸರಳನ್ನೇ ಉಳಿಸಿಕೊಂಡವು, ಕೆಲವು ಉಕ್ಕಿನ ಕೇಬಲನ್ನು ಹಿಡಿದವು. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಇಂದು ಹೊರಬೀಳುವ ಪೆಟ್ರೋಲ್ ಕಾರುಗಳಲ್ಲಿ ಇವೆರಡೂ ಇಲ್ಲ. ಪೆಡಲು ಎಷ್ಟು ಇಳಿಯಿತೆಂಬುದನ್ನು ವಿದ್ಯುತ್ಸಂಕೇತವು ತಿಳಿಸುತ್ತದೆ. ಪುಟ್ಟದೊಂದು ಮೋಟಾರು ಬಿಲ್ಲೆಯನ್ನು ತಿರುಗಿಸುತ್ತದೆ. ಅದು ಕೆಟ್ಟರೆ ನಮ್ಮಂಥವರು ಕೈಕಟ್ಟಿಕೊಂಡು ನಿಲ್ಲಬೇಕು. ಹಳೆಯ ಕಾರಿನ ದೋಷವಾದರೋ ಕಣ್ಣಿಗೆ ಕಾಣುವಂಥದು, ಬೆರಳಿಗೆ ಸಿಕ್ಕುವಂಥದು.

ಸಡಿಲಿಕೆ ಸಣ್ಣದು, ಅದರಿಂದಾಗುವ ತೊಂದರೆ ದೊಡ್ಡದು. ಹೀಗೇಕೆಂಬುದನ್ನು ಸ್ವಲ್ಪ ಲೆಕ್ಕಮಾಡಿ ನೋಡಬಹುದು. ಕಾರ್ಬೊರೇಟರಿನ ಸನ್ನೆಯ ಉದ್ದ 25 ಮಿಲಿಮೀಟರೆಂದು ಇಟ್ಟುಕೊಳ್ಳೋಣ. ಸಾಲಿನಲ್ಲಿ ಆರು ಕೀಲುಗಳಿದ್ದು, ಒಂದೊಂದರಲ್ಲಿಯೂ ಕಾಲು ಮಿಲಿಮೀಟರು ಸವೆದಿದ್ದರೆ ಒಟ್ಟು ಒಂದೂವರೆ ಮಿಲಿಮೀಟರಾಯಿತು. ಅಷ್ಟರಿಂದ ಬಿಲ್ಲೆಯು ಸುಮಾರು ಮೂರೂವರೆ ಡಿಗ್ರಿ ಅತ್ತಿತ್ತ ಹೊರಳಬಹುದು. ಬಿಲ್ಲೆ ಮುಚ್ಚಿದಲ್ಲಿಂದ ಪೂರ್ತಿ ತೆರೆಯುವವರೆಗೆ ತಿರುಗುವುದೇ 90 ಡಿಗ್ರಿಗಿಂತ ಕಡಮೆ. ಪೇಟೆಯಲ್ಲಿ ನಿಧಾನವಾಗಿ ಹೋಗುವಾಗ ಅದು ತೆರೆದಿರುವುದು ಕೆಲವೇ ಡಿಗ್ರಿ. ಇದ್ದುದೇ ಕೆಲವು, ಅದರಲ್ಲಿ ಮೂರೂವರೆ ಅನಿಶ್ಚಿತವೆಂದರೆ ಚಾಲಕನ ಕಾಲಿಗೂ ಎಂಜಿನಿಗೂ ಮಾತು ಬಿಟ್ಟುಹೋದಂತೆಯೇ. ಮೇಲಾಗಿ ನಡುವಿನ ಸನ್ನೆಯ ಒಂದು ತೋಳು ಗಿಡ್ಡ, ಇನ್ನೊಂದು ಉದ್ದವಾಗಿದ್ದರೆ, ಗಿಡ್ಡ ತೋಳಿನ ಅರ್ಧ ಮಿಲಿಮೀಟರು ಉದ್ದ ತೋಳಿನ ಕಡೆ ಒಂದು ಮಿಲಿಮೀಟರಾಗಿಬಿಡಬಹುದು. ಆದಕಾರಣ ಎಲ್ಲ ಕೀಲುಗಳೂ ಸಮಾನ ಅಪರಾಧಿಗಳಲ್ಲ.

ಕೀಲುಗಳು ಸವೆಯುವುದಕ್ಕೆ ಈ ಸೀಮೆಯ ನೆಲವೂ ಒಂದು ಕಾರಣ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿತ್ತು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನಿಂದ ಬಂದ ಹೆಸರು. ಊರು ಆ ಹೆಸರನ್ನು ಬಿಟ್ಟಿತು, ಭೂವಿಜ್ಞಾನಿಗಳು ಬಿಡಲಿಲ್ಲ. ಇಲ್ಲಿಂದ ಉತ್ತರಕ್ಕೆ ಕರ್ಣಾಟಕದೊಳಗೆ ಬಹುದೂರ ಚಾಚಿರುವ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಬಂಡೆಯ ಪಟ್ಟಿಯನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ರಾಮದೇವರ ಬೆಟ್ಟ, ಸಾವನದುರ್ಗ ಮೊದಲಾದ ಗುಡ್ಡಗಳು ಆ ಸಂತತಿಯವು. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳುಗಳಿವೆ. ಆ ಹರಳು ಸಾಧಾರಣ ಉಕ್ಕಿಗಿಂತ ಕಠಿನ. ಕಲ್ಲು ಒಡೆಯುವ ಕಡೆಯ ರಸ್ತೆಗಳಲ್ಲಿ ಏಳುವ ಬಿಳಿಯ ದೂಳಿನಲ್ಲಿ ಇದು ಧಾರಾಳವಾಗಿರುತ್ತದೆ. ಕೀಲಿಗೆ ಗಟ್ಟಿ ಗ್ರೀಸನ್ನು ಮೆತ್ತಿ, ಅದರ ಮೇಲೆ ಈ ದೂಳು ಕುಳಿತರೆ, ಆಗುವುದು ಎಣ್ಣೆಯಲ್ಲ, ಸಾಣೆಯ ಅರಪು. ಪೆಡಲನ್ನು ಒತ್ತಿದಷ್ಟು ಸಲವೂ ಯಜಮಾನನು ತನ್ನ ಕೀಲನ್ನು ತಾನೇ ಅರೆಯುತ್ತಾನೆ. ತೆರೆದ ಕೀಲುಗಳಿಗೆ ತೆಳುವಾದ ಎಣ್ಣೆ, ಅದೂ ಒಂದೆರಡು ತೊಟ್ಟು, ಹೊರಗೆ ಸುರಿದುದನ್ನು ಬಟ್ಟೆಯಿಂದ ಒರಸಿಬಿಡುವುದು: ಇದಕ್ಕಿಂತ ಹೆಚ್ಚಿನ ಉಪಚಾರ ಬೇಡ.

ಸಡಿಲು ಎಲ್ಲಿದೆಯೆಂಬುದರಷ್ಟೇ ಮುಖ್ಯವಾದುದು ಸ್ಪ್ರಿಂಗು ಎಲ್ಲಿದೆಯೆಂಬುದು. ಈ ಅಂಶವನ್ನು ಬಲ್ಲ ಕುಶಲಿಗಳು ಕೂಡ ಮರೆಯುವುದುಂಟು. ಬಾವಿಯಲ್ಲಿ ನೀರು ಸೇದುವಾಗ ಕೊಡದ ಭಾರವು ಹಗ್ಗದ ಕೆಳತುದಿಯಲ್ಲಿರುವುದರಿಂದ ಹಗ್ಗ ಎಲ್ಲಿಯೂ ಜೋಲದೆ ಬಿಗಿದು ನಿಲ್ಲುತ್ತದೆ. ಅದರಂತೆಯೇ, ಬಿಲ್ಲೆಯನ್ನು ಮುಚ್ಚುವ ಸ್ಪ್ರಿಂಗು ಕಾರ್ಬೊರೇಟರಿನ ಸನ್ನೆಯನ್ನೇ ಹಿಡಿದು ಎಳೆಯುತ್ತಿದ್ದರೆ, ಸಾಲಿನ ಪ್ರತಿಯೊಂದು ಕೀಲೂ ಒಂದೇ ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಸ್ವಲ್ಪ ಸವೆದ ಕೀಲು ಕೂಡ ಗಲಾಟೆಯಿಲ್ಲದೆ ನಡೆದುಕೊಳ್ಳುತ್ತದೆ. ಸ್ಪ್ರಿಂಗು ಪೆಡಲಿನ ಬಳಿ ಮಾತ್ರವೇ ಇದ್ದರೆ ಅಲ್ಲಿಂದ ಬಿಲ್ಲೆಯವರೆಗಿನ ಸಡಿಲೆಲ್ಲವೂ ಬಿಲ್ಲೆಯ ಪಾಲಿಗೆ ಸ್ವಾತಂತ್ರ್ಯವಾಗುತ್ತದೆ. ಎಂಜಿನಿನ ಅದುರಿಗೆ ಅದು ತನ್ನಷ್ಟಕ್ಕೆ ಕುಣಿಯುತ್ತದೆ. ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದಿದೆ. ನಡುದಾರಿಯಲ್ಲಿ ಸರಳೊಂದು ಕಳಚಿಬಿದ್ದಿತೆಂದುಕೊಳ್ಳೋಣ. ಸ್ಪ್ರಿಂಗು ಕಾರ್ಬೊರೇಟರಿನಲ್ಲಿದ್ದರೆ ಬಿಲ್ಲೆ ಮುಚ್ಚಿ ಗಾಡಿ ನಿಧಾನವಾಗುತ್ತದೆ. ಪೆಡಲಿನಲ್ಲಿದ್ದರೆ ಪೆಡಲು ಸಾಧುವಾಗಿ ಮೇಲಕ್ಕೆ ಬರುತ್ತದೆ, ಬಿಲ್ಲೆ ತೆರೆದೇ ಇರುತ್ತದೆ.

ಸ್ಪ್ರಿಂಗಿನ ಮಾತು ಬಂದುದರಿಂದ ಚನ್ನಪಟ್ಟಣವನ್ನು ನೆನೆಯದೆ ಮುಂದುವರಿಯಲಾಗದು. ಇಂದು ಆ ಊರೆಂದರೆ ಅರಗಿನ ಬಣ್ಣದ ಮರದ ಬೊಂಬೆಗಳು. ಆದರೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಕಂಡು ಬರೆದಿಟ್ಟ ಕಸಬುಗಳಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯ ತಯಾರಿಕೆಯೂ ಒಂದು. ಮಾಗಡಿಯ ಸುತ್ತಿನ ಹಳ್ಳಿಗಳಲ್ಲಿ ಆಗ ಕಬ್ಬಿಣವನ್ನು ಕರಗಿಸುವ ಕುಲುಮೆಗಳಿದ್ದುವು. ವೀಣೆಯ ತಂತಿಗೂ ಕಾರಿನ ಸ್ಪ್ರಿಂಗಿಗೂ ಸಂಬಂಧವೇನೆಂದು ಶ್ರೋತೃಗಳು ಕೇಳಬಹುದು. ಎರಡೂ ಇಂಗಾಲದ ಅಂಶ ಹೆಚ್ಚಾಗಿರುವ ಉಕ್ಕು. ಅಚ್ಚಿನ ರಂಧ್ರದಲ್ಲಿ ಮತ್ತೆ ಮತ್ತೆ ಎಳೆದು ಗಟ್ಟಿಮಾಡಿದುದು. ಮಿಡಿದರೆ ತನ್ನ ಮೊದಲಿನ ಸ್ಥಿತಿಗೆ ತಪ್ಪದೆ ಹಿಂದಿರುಗುವುದೇ ಎರಡರ ಧರ್ಮ. ಸಣ್ಣ ಸ್ಪ್ರಿಂಗುಗಳನ್ನು ಸುತ್ತುವ ತಂತಿಗೆ ಇಂದಿಗೂ ವ್ಯಾಪಾರದಲ್ಲಿ ಮ್ಯೂಸಿಕ್ ವೈರ್ ಎಂದೇ ಹೆಸರು. ಅಂತಹ ತಂತಿಯ ಸ್ಪ್ರಿಂಗು ಸಿಕ್ಕುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ.

ಹೀಗಿದ್ದೂ ದಾರಿಬದಿಯಲ್ಲಿ ನಾವು ಕಾಣುವುದು ಸೈಕಲ್ ಟ್ಯೂಬಿನ ತುಂಡು. ಸ್ಪ್ರಿಂಗು ಸೋತಿತೆಂದರೆ ಟ್ಯೂಬನ್ನು ಉದ್ದಕ್ಕೆ ಸೀಳಿ ಕಟ್ಟಿಬಿಡುತ್ತಾರೆ. ಕೀಲು ಸವೆಯಿತೆಂದರೆ ಬೈಂಡಿಂಗ್ ವೈರನ್ನು ಸುತ್ತುತ್ತಾರೆ. ಊರು ಸೇರುವವರೆಗೆ ಎಂದು ಮಾಡಿದ ಏರ್ಪಾಡು ವರ್ಷಗಟ್ಟಲೆ ಉಳಿಯುತ್ತದೆ. ನಮ್ಮ ಮಿತ್ರರೊಬ್ಬರ ಅಂಬಾಸಿಡರಿಗೆ ಯಾವುದೋ ಊರಿನಲ್ಲಿ ಹೀಗೊಂದು ರಬ್ಬರಿನ ತುಂಡು ಬಿದ್ದಿತ್ತು. ಕನಕಪುರದಿಂದ ಸಂಗಮಕ್ಕೆ, ಎಂದರೆ ಅರ್ಕಾವತಿಯು ಕಾವೇರಿಯನ್ನು ಕೂಡುವಲ್ಲಿಗೆ, ಕಾಡಿನ ನಡುವೆ ಇಳಿಯುವ ರಸ್ತೆಯಲ್ಲಿ ನಾವೆಲ್ಲ ಆ ಕಾರಿನಲ್ಲಿದ್ದೆವು. ಎಂಜಿನಿನ ಕಾವಿಗೆ ಒಣಗಿ ಬಿರುಕುಬಿಟ್ಟಿದ್ದ ರಬ್ಬರು ಒಂದು ತಿರುವಿಗೆ ಮುಂಚೆ ಕಡಿದುಹೋಯಿತು. ಮಿತ್ರರು ಪೆಡಲಿನಿಂದ ಕಾಲನ್ನು ತೆಗೆದರು. ಎಂಜಿನು ಅರಚುತ್ತಲೇ ಇತ್ತು. ಬ್ರೇಕಿನ ಮೇಲೆ ಕಾಲೂರಿ ಅವರು ಕೀಲಿಕೈಯನ್ನು ತಿರುಗಿಸಿದ್ದರಿಂದ ಗಾಡಿ ತಿರುವಿನಲ್ಲೇ ನಿಂತಿತು. ಹಿಂದಿನ ಆಸನದಲ್ಲಿ ಅವರ ತಾಯಿಯವರಿದ್ದರು, ಇಬ್ಬರು ಮಕ್ಕಳಿದ್ದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಟ್ಯೂಬಿನ ತುಂಡನ್ನು ಕುರಿತು ನಾವು ಕಠಿನವಾಗಿ ಹೇಳುವುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಇನ್ನು ದೋಷವನ್ನು ಹುಡುಕುವ ಕ್ರಮ. ಎಂಜಿನನ್ನು ನಿಲ್ಲಿಸಿ, ಆರಿದ ಮೇಲೆ, ಚಕ್ರಕ್ಕೆ ಕಲ್ಲು ಕೊಟ್ಟು ಕೆಲಸಕ್ಕೆ ತೊಡಗಬೇಕು. ಏರ್ ಕ್ಲೀನರನ್ನು ತೆಗೆದಿಟ್ಟು, ಒಬ್ಬರು ಒಳಗೆ ಕುಳಿತು ಪೆಡಲನ್ನು ಅತಿ ನಿಧಾನವಾಗಿ ಒತ್ತತಕ್ಕದ್ದು. ಇನ್ನೊಬ್ಬರು ಸರಳುಗಳ ಮೇಲೆ ಕಣ್ಣಿಟ್ಟಿರತಕ್ಕದ್ದು. ಪೆಡಲು ಚಲಿಸಿದರೂ ಮುಂದಿನ ಸರಳು ಚಲಿಸದೆ ತಡೆದು ನಿಂತರೆ ದೋಷ ಆ ಎರಡರ ನಡುವೆ. ಸೀಮೆಸುಣ್ಣದಿಂದ ಅಲ್ಲಿ ಗುರುತುಮಾಡಿ ಮುಂದಕ್ಕೆ ಹೋಗುವುದು. ಕಣ್ಣಿಗೆ ಕಾಣದ ಸಡಿಲು ಬೆರಳಿಗೆ ಸಿಕ್ಕುತ್ತದೆ: ಕೀಲಿನ ಮೇಲೆ ಹೆಬ್ಬೆರಳಿಟ್ಟು ಸರಳನ್ನು ಅಲ್ಲಾಡಿಸಿದರೆ ಒಳಗೆ ಟಿಕ್ಕೆಂಬ ತಟ್ಟು ತಿಳಿದುಬರುತ್ತದೆ. ಬಳಿಕ ಸರಳನ್ನು ಕಳಚಿ, ಬಿಲ್ಲೆಯ ದಂಡವನ್ನು ಮಾತ್ರ ಹಿಡಿದು ಮೇಲಕ್ಕೂ ಕೆಳಕ್ಕೂ ಎತ್ತಿ ನೋಡಬೇಕು. ಅದೂ ಅಲ್ಲಾಡುವುದಾದರೆ ಸರಳುಗಳನ್ನು ಎಷ್ಟು ಸರಿಪಡಿಸಿದರೂ ಸಾಲದು. ಎಂಜಿನು ಮೆಲ್ಲನೆ ಓಡುತ್ತಿರುವಾಗ ದಂಡವು ಒಳಹೋಗುವಲ್ಲಿಗೆ ಒಂದು ತೊಟ್ಟು ಎಂಜಿನ್ ಎಣ್ಣೆಯನ್ನು ಬಿಟ್ಟರೆ, ಸವೆದ ಸಂದು ಕ್ಷಣಕಾಲ ಮುಚ್ಚಿಕೊಂಡು ಓಟದ ಸದ್ದು ಬದಲಾಗುತ್ತದೆ. ಹಾಗೆ ಬದಲಾದರೆ ಅಲ್ಲಿಂದ ಕಳ್ಳಗಾಳಿ ಒಳನುಗ್ಗುತ್ತಿದೆಯೆಂದು ತಿಳಿಯಬೇಕು. ಆಗ ಕಾರ್ಬೊರೇಟರನ್ನೇ ಬಿಚ್ಚಿ ದಂಡಕ್ಕೆ ಹೊಸ ಬುಷು ಹಾಕಿಸಬೇಕು.

ಕೀಲುಗಳೆಲ್ಲ ಚೆನ್ನಾಗಿದ್ದೂ ಗಾಡಿ ಮೊದಲನೆಯ ಗೇರಿನಲ್ಲಿ ಕಪ್ಪೆಯಂತೆ ಕುಪ್ಪಳಿಸುವುದುಂಟು. ಪೆಡಲು ಇರುವುದು ಗಾಡಿಯ ಮೈಯಲ್ಲಿ, ಕಾರ್ಬೊರೇಟರು ಇರುವುದು ಎಂಜಿನಿನ ಮೇಲೆ. ಎಂಜಿನು ಕುಳಿತಿರುವ ರಬ್ಬರಿನ ಮೆತ್ತೆಗಳು ಕುಸಿದಿದ್ದರೆ, ಎಳೆತ ಬಂದಾಗ ಎಂಜಿನು ಪಕ್ಕಕ್ಕೆ ವಾಲುತ್ತದೆ; ವಾಲಿದಾಗ ಸರಳು ತಾನಾಗಿ ಬಿಲ್ಲೆಯನ್ನು ಎಳೆಯುತ್ತದೆ ಅಥವಾ ಬಿಡುತ್ತದೆ. ಎಂಜಿನು ತನ್ನ ಕಿವಿಯನ್ನು ತಾನೇ ಹಿಂಡಿಕೊಂಡಂತೆ! ಇದಕ್ಕೆ ಚಿಕಿತ್ಸೆ ಮೆತ್ತೆಗಳಿಗೇ ಹೊರತು ಥ್ರಾಟಲಿಗಲ್ಲ.

ಸವೆದ ಕೀಲಿನ ದುರಸ್ತಿಯು ಸಣ್ಣ ಕೆಲಸ. ಆದರೆ ನಯವಾದ ಕೆಲಸ. ಪಿನ್ನು ಮಾತ್ರ ಸವೆದಿದ್ದರೆ ಹೊಸ ಪಿನ್ನು ಸಾಕು. ಸಾಮಾನ್ಯವಾಗಿ ಸನ್ನೆಯ ತೂತೂ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಸುತ್ತಿಗೆಯಿಂದ ಅದರ ಅಂಚನ್ನು ತಟ್ಟಿ ಕಿರಿದುಮಾಡುವ ರೂಢಿ ಇದೆ. ಅದು ತಿಂಗಳೊಪ್ಪತ್ತಿನಲ್ಲಿ ಮೊದಲಿನಂತೆಯೇ ಆಗುತ್ತದೆ. ತೂತನ್ನು ದುಂಡಗೆ ದೊಡ್ಡದುಮಾಡಿ ಅದರೊಳಗೆ ಗನ್‌ಮೆಟಲಿನ ಬುಷನ್ನು ಬಿಗಿಯಾಗಿ ಕೂರಿಸುವುದೇ ಸರಿಯಾದ ಮಾರ್ಗ. ಉಕ್ಕಿನ ಪಿನ್ನು, ಅದಕ್ಕಿಂತ ಮೃದುವಾದ ಬುಷು: ಸವೆಯುವುದಾದರೆ ಬುಷು ಸವೆಯಲಿ, ಅದನ್ನು ಬದಲಾಯಿಸುವುದು ಸುಲಭ. 6 ಮಿಲಿಮೀಟರ್ ಪಿನ್ನಿಗೆ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಸಂದು ಇದ್ದರೆ ಸಾಕು. ಸಂದೇ ಇಲ್ಲದಂತೆ ಬಿಗಿಮಾಡುವುದು ತಪ್ಪು. ಸಡಿಲವಾದ ಕೀಲು ಜಗ್ಗುತ್ತದೆ, ಬಿಗಿಯಾದ ಕೀಲು ಸಿಕ್ಕಿಕೊಳ್ಳುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ನಾವು ಜಗ್ಗುವುದನ್ನೇ ಆರಿಸಿಕೊಳ್ಳುವೆವು.

ಈ ಬುಷನ್ನು ಲೋಹದ ಲೇತು ಇರುವ ಯಾವ ಅಂಗಡಿಯಲ್ಲಾದರೂ ತಿರುವಿಸಿಕೊಳ್ಳಬಹುದು. ಹಳೆಯ ಪಿನ್ನನ್ನೂ ಸನ್ನೆಯನ್ನೂ ಜೊತೆಯಲ್ಲಿ ಒಯ್ದರೆ ಆಯಿತು. ಚನ್ನಪಟ್ಟಣದ ಬೊಂಬೆಯ ಲೇತಿನಲ್ಲಿ ಈ ಕೆಲಸವಾಗದು, ಅದು ಹಾಲೆಮರಕ್ಕೆ ಮಾತ್ರ. ಆದರೆ ಕೀಲು ಸವೆಯುವ ಬಗೆಯನ್ನು ತಿಳಿಯಬೇಕೆನ್ನುವವರು ಆ ಲೇತಿನ ಮುಂದೆ ಒಂದು ಗಳಿಗೆ ನಿಲ್ಲಬೇಕು. ತಿರುಗುತ್ತಿರುವ ಮರಕ್ಕೆ ಕುಶಲಿಯು ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಬೆಂಕಿಯಿಲ್ಲ, ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ಎಣ್ಣೆ ಕಾಣದ ಕೀಲಿನಲ್ಲಿಯೂ ನಡೆಯುವುದು ಇದೇ ಉಜ್ಜಾಟ. ಅಲ್ಲಿ ಬಣ್ಣ ಹತ್ತುತ್ತದೆ, ಇಲ್ಲಿ ಲೋಹ ಹೋಗುತ್ತದೆ.

ಗುಂಡುಕೀಲುಗಳಲ್ಲಿ ಗುಂಡು ಚಪ್ಪಟೆಯಾಗಿದ್ದರೆ ಹೊಸದನ್ನೇ ಹಾಕತಕ್ಕದ್ದು. ಒಳಗಿನ ಪುಟ್ಟ ಸ್ಪ್ರಿಂಗು ಮಾತ್ರ ಸೋತಿದ್ದರೆ ಅದನ್ನು ಬದಲಾಯಿಸಿದರೆ ಸಾಕು. ಸ್ಪ್ಲಿಟ್ ಪಿನ್ನನ್ನು ಒಮ್ಮೆ ತೆಗೆದಮೇಲೆ ಮತ್ತೆ ಬಳಸಕೂಡದು. ಒಂದು ರೂಪಾಯಿಯನ್ನು ಉಳಿಸುವ ಜಾಗ ಅದಲ್ಲ.

ಜೋಡಿಸುವಾಗ ಕ್ರಮ ತಪ್ಪಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಸರಳನ್ನು ಕಾರ್ಬೊರೇಟರಿಗೆ ಸಿಕ್ಕಿಸದೆಯೇ ಎಂಜಿನನ್ನು ಕಾಯಿಸಿ, ತಡೆತಿರುಪಿನಿಂದ ಅದರ ನಿಧಾನದ ಓಟವನ್ನು ಮೊದಲು ಗೊತ್ತುಮಾಡಬೇಕು. ಎಂಜಿನನ್ನು ನಿಲ್ಲಿಸಿದ ಮೇಲೆ ಸರಳಿನ ಉದ್ದವನ್ನು ಹೊಂದಿಸುವುದು. ಸರಳಿನ ತುದಿಯು ಸನ್ನೆಯನ್ನು ಕೂದಲೆಳೆಯಷ್ಟೂ ಅಲುಗಿಸದೆ ತನ್ನ ಜಾಗಕ್ಕೆ ತಾನೇ ಕೂರಬೇಕು. ಉದ್ದವನ್ನು ಎಳೆದು ಬಿಗಿಮಾಡಿ ಸಿಕ್ಕಿಸಿದರೆ ಬಿಲ್ಲೆ ಎಂದೂ ಪೂರ್ತಿ ಮುಚ್ಚದು. ಆಗ ತಡೆತಿರುಪು ಹೆಸರಿಗೆ ಮಾತ್ರ. ಪೆಡಲಿನಲ್ಲಿ ಎರಡು ಮೂರು ಮಿಲಿಮೀಟರು ಖಾಲಿ ಓಟವನ್ನು ಬೇಕೆಂದೇ ಬಿಟ್ಟಿರಬೇಕು. ಆಮೇಲೆ ಪೆಡಲನ್ನು ಕೊನೆಯವರೆಗೆ ಒತ್ತಿಸಿ, ಬಿಲ್ಲೆ ನೆಟ್ಟಗೆ ನಿಂತಿತೇ ಎಂದು ಕೊಳವೆಯೊಳಗೆ ಇಣಿಕಿ ನೋಡುವುದು. ಬಿಲ್ಲೆ ಪೂರ್ತಿ ತೆರೆಯುವ ಹೊತ್ತಿಗೆ ಪೆಡಲು ನೆಲದ ತಡೆಗೆ ತಾಗಬೇಕು. ಇಲ್ಲವಾದರೆ ಕಾಲಿನ ಬಲವೆಲ್ಲ ಆ ಬಡ ದಂಡದ ಮೇಲೆ ಬಿದ್ದು ಅದು ಬಾಗುತ್ತದೆ. ಕಾಲುಹಾಸು ಪೆಡಲಿನ ಕೆಳಗೆ ಮಡಿಸಿಕೊಳ್ಳುತ್ತದೆಯೇ ಎಂದು ನೋಡುವುದನ್ನು ಮರೆಯಬಾರದು. ಕೀಲಿನಲ್ಲಿ ದೋಷವನ್ನು ಹುಡುಕಿ ಹುಡುಕಿ, ಕೊನೆಗೆ ಕಳ್ಳನು ಚಾಪೆಯ ಕೆಳಗೆ ಸಿಕ್ಕಿದ ಪ್ರಸಂಗಗಳಿವೆ.

ಮುಚ್ಚುವ ಸ್ಪ್ರಿಂಗುಗಳು ಕಾರ್ಬೊರೇಟರಿನ ಕಡೆ ಎರಡಿರುವುದು ಮೇಲು; ಒಂದು ಮುರಿದರೂ ಇನ್ನೊಂದು ಬಿಲ್ಲೆಯನ್ನು ಮುಚ್ಚುವಂತಿರಬೇಕು. ಸಡಿಲನ್ನು ಮರೆಸುವುದಕ್ಕೆಂದು ವಿಪರೀತ ಬಿರುಸಾದ ಸ್ಪ್ರಿಂಗನ್ನು ಹಾಕುವುದು ಕೆಲವರ ಜಾಣತನ. ಕಾಲು ನೋಯುತ್ತದೆ, ಕೀಲು ಇನ್ನೂ ಬೇಗ ಸವೆಯುತ್ತದೆ.

ರಸ್ತೆಯ ಪರೀಕ್ಷೆಗೆ ಮಾಗಡಿಯಿಂದ ಸಾವನದುರ್ಗದ ಕಡೆಯ ಏರಿಳಿತದ ರಸ್ತೆ ಅನುಕೂಲವಾದುದು; ವಾಹನಸಂಚಾರ ವಿರಳವಾಗಿರುವ ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ಹೊರಡುವ ಮುಂಚೆ, ಥ್ರಾಟಲು ತೆರೆದೇ ನಿಂತರೆ ಮಾಡಬೇಕಾದುದನ್ನು ಚಾಲಕನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಲಿ: ಬ್ರೇಕನ್ನು ಗಟ್ಟಿಯಾಗಿ ಒತ್ತುವುದು, ಕ್ಲಚ್ಚನ್ನು ಒತ್ತುವುದು, ಎಂಜಿನನ್ನು ಆರಿಸುವುದು, ಸ್ಟಿಯರಿಂಗ್ ಬೀಗವಿರುವ ಗಾಡಿಯಾದರೆ ಗಾಡಿ ನಿಲ್ಲುವವರೆಗೆ ಕೀಲಿಕೈಯನ್ನು ಬೀಗದ ಸ್ಥಾನಕ್ಕೆ ತಿರುಗಿಸಕೂಡದು. ಬಳಿಕ ಎರಡನೆಯ ಗೇರಿನಲ್ಲಿ ಏರನ್ನು ಹತ್ತಿ, ನೆತ್ತಿಯಲ್ಲಿ ಕಾಲನ್ನು ಥಟ್ಟನೆ ತೆಗೆಯುವುದು. ಸದ್ದು ಒಡನೆಯೇ ಇಳಿಯಬೇಕು. ಗಾಡಿ ಎಂಜಿನಿನ ಹಿಡಿತಕ್ಕೆ ಬಂದುದು ಬೆನ್ನಿಗೆ ತಿಳಿಯಬೇಕು. ಇಳಿಜಾರಿನಲ್ಲಿ ಪೆಡಲನ್ನು ಹೆಬ್ಬೆರಳಿನಷ್ಟೇ ಒತ್ತಿ ಬಿಡುವುದನ್ನು ನಾಲ್ಕೈದು ಸಲ ಮಾಡಿದರೆ, ಪ್ರತಿಸಲವೂ ಒಂದೇ ಉತ್ತರ ಬರಬೇಕು. ಹಿಂದಿರುಗಿದ ಮೇಲೆ ಎಂಜಿನು ಇನ್ನೂ ಬಿಸಿಯಾಗಿರುವಾಗಲೇ ಬಾನೆಟನ್ನು ಎತ್ತಿ, ನಿಧಾನದ ಓಟ ಹೊರಡುವಾಗ ಇದ್ದಂತೆಯೇ ಇದೆಯೇ ಎಂದು ಕೇಳಿ ನೋಡುವುದು. ಹೊಸ ಬುಷುಗಳು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ತಮ್ಮ ಜಾಗದಲ್ಲಿ ಕೂರುತ್ತವೆ. ಆದುದರಿಂದ ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಸ್ಪ್ಲಿಟ್ ಪಿನ್ನುಗಳನ್ನೂ ಸರಳಿನ ಉದ್ದವನ್ನೂ ನೋಡಿ, ಒಂದೊಂದು ತೊಟ್ಟು ಎಣ್ಣೆ ಬಿಟ್ಟು ಬಾನೆಟನ್ನು ಮುಚ್ಚಬಹುದು.